ತೋಪಿನಲ್ಲಿ ಎಷ್ಟು ಜಾತಿ?

ಮರ ಅಳೆಯುವುದು ನನ್ನ ಕೆಲಸ. ಮರ ಸುಮ್ಮನೆ ನಿಂತು ಅಳೆಸಿಕೊಳ್ಳುತ್ತದೆ, ಜನ ಸುಮ್ಮನಿರುವುದಿಲ್ಲ. ಚಳ್ಳಕೆರೆಯಿಂದ ಬೈಕ್ ಹತ್ತಿದ ದಿನ ಏನಾದರೊಂದು ಆಗಿಯೇ ತೀರುತ್ತದೆ. ದೇವಸಮುದ್ರದ ಕಡೆಯ ಒಂದು ಹಳ್ಳಿಯ ಗುಡಿತೋಪನ್ನು ಕಡಿದು ಒಂದೇ ಥರದ ಸಸಿ ನೆಡಬೇಕೆಂದು ಕೆಲವರು ಹೊರಟಿದ್ದರು. ಅದಕ್ಕೂ ಮುಂಚೆ ಅಲ್ಲಿರುವ ಇಂಗಾಲದ ಲೆಕ್ಕ ತೆಗೆಯಲು ಆಫೀಸಿನವರು ನನ್ನನ್ನು ಕಳಿಸಿದರು.

೧. ಇದ್ದಿಲು

ಬೇವಿನ ಮರಕ್ಕೆ ಟೇಪು ಸುತ್ತುತ್ತಿದ್ದೆ. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದರು.

“ಏನ್ ಮಾಡ್ತಿದೀಯ ನಾಯ್ನಾ?”

“ಇದ್ರಾಗೆ ಎಷ್ಟು ಇಂಗಾಲ ಐತೆ ಅಂತ ನೋಡ್ತಿದೀನಜ್ಜಿ.”

“ಹಂಗಂದ್ರೆ?”

“ಇದ್ದಿಲು ಅಂದ್ಕೊಳ್ರಿ.”

ಅಜ್ಜಿ ಮರ ತಬ್ಬಿಕೊಂಡುಬಿಟ್ಟರು. “ಸುಟ್ಟು ಇದ್ದಿಲು ಮಾಡ್ತೀಯಾ? ಮೊದ್ಲು ನನ್ನ ಸುಡು!”

ಗಾಳಿಯಲ್ಲಿರುವುದನ್ನೇ ಮರ ಎಳೆದು ಒಳಗಿಟ್ಟುಕೊಳ್ಳುತ್ತದೆ, ಕಡಿಯದಿದ್ದರೆ ಅಲ್ಲೇ ಇರುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ನೋಡಿದರೆ, ಮಾತಾಡುತ್ತಲೇ ಸುತ್ತಿ ಅಳತೆ ಬರೆದುಕೊಂಡ ಟೇಪಿನೊಳಗೆ ಅಜ್ಜಿಯೂ ಇದ್ದರು. ಆ ಅಳತೆ ಹೊಡೆದುಹಾಕಿ ಮತ್ತೆ ಬರೆದೆ.

೨. ಜಾತಿ

ಮಾರನೆಯ ದಿನ ಗುಡಿಕಟ್ಟೆಯ ಮೇಲಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಇಲ್ಲಿ ಎಷ್ಟು ಜಾತಿ ಅವೆ ಯಜಮಾನ್ರೇ?”

ಅವರು ಮುಖ ಗಂಟಿಕ್ಕಿದರು. “ಮೊನ್ನೆ ತಾನೆ ಗಣತಿಯೋರು ಬರ್ಕೊಂಡು ಹೋದ್ರಲ್ರೀ, ಮತ್ಯಾಕೆ?”

“ಮರದ್ದು ಕೇಳಿದ್ದು!”

“ಹಂಗನ್ರಿ. ಬೇವು, ಕಮರ, ಹುಣಸೆ, ಹೊಂಗೆ, ಮುತ್ತುಗ, ಎಲ್ಲಾ ಒಟ್ಟಿಗೇ ಅವೆ. ಇವತ್ತಿನ ತಂಕ ಒಂದು ಜಗಳ ಇಲ್ಲ.”

೩. ಜೋಲಿ

ಮೂರನೆಯ ದಿನ ತೋಪಿನಲ್ಲೇ ಊರು ಸೇರಿತು. “ಎಲ್ಲಾ ತೆಗ್ದು ಸಾಲಾಗಿ ಒಂದೇ ಸಸಿ ಹಾಕಿದ್ರೆ ಚೆಂದ ಕಾಣ್ತೈತೆ” ಎಂದರು ಪಂಚಾಯ್ತಿ ಸದಸ್ಯರೊಬ್ಬರು.

ನಾನು ಎದ್ದೆ. ಒಂದರ ಬೇರು ಆಳಕ್ಕೆ, ಇನ್ನೊಂದರದು ಅಗಲಕ್ಕೆ ಹೋಗುತ್ತದೆ, ಒಂದಕ್ಕೆ ರೋಗ ಬಂದರೂ ಉಳಿದವು ನಿಲ್ಲುತ್ತವೆ, ಸಾಮಾನ್ಯವಾಗಿ ಹೀಗೆ ಬೆರೆತ ಕಡೆಯೇ ಇಂಗಾಲ ಹೆಚ್ಚು ಉಳಿಯುತ್ತದೆ ಎಂದೆ. ಒಬ್ಬರು ಆಕಳಿಸಿದರು. ನನಗೆ ಅಳುವೇ ಬಂತು. ಮೂರು ದಿನದಲ್ಲಿ ಆ ತೋಪಿನ ಮೇಲೆ ಅಷ್ಟು ಪ್ರೀತಿ ಹುಟ್ಟಿತ್ತು.

ಆಗ ಅಜ್ಜಿ ಎದ್ದರು. “ಕೂಲಿಗೆ ಹೋಗೋವಾಗ ನಿಮ್ಮವ್ವಂದಿರು ನಿಮ್ಮನ್ನ ಇಲ್ಲೇ ಸೀರೆ ಜೋಲಿ ಕಟ್ಟಿ ನನ್ ಕೈಗೆ ಬಿಟ್ಟು ಹೋಗೋರು. ಇವಂದು ಬೇವಿಗೆ, ಅವಂದು ಕಮರಕ್ಕೆ, ನಿಂದು ಹೊಂಗೆಗೆ. ಯಾವ್ದು ಕಡೀತೀರಿ ಹೇಳ್ರಲಾ?”

ಅಜ್ಜಿ ಸದಸ್ಯರ ಕಡೆ ತಿರುಗಿದರು. “ನಿಂದು ಆ ಹುಣಸೆಗೆ. ನೀನು ಉಚ್ಚೆ ಹೊಯ್ದು ಹೊಯ್ದೇ ಅದು ಅಷ್ಟು ದಪ್ಪ ಆಗಿರೋದು!”

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಕಡಿಯುವ ಮಾತು ಅಲ್ಲಿಗೇ ನಿಂತಿತು.

ಜನ ಚದುರಿದ ಮೇಲೆ ಸದಸ್ಯರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: “ಸಾರ್, ಆ ಹುಣಸೆಯಾಗೆ ಇಂಗಾಲ ಎಷ್ಟು ಬಂತು?”

“ತೋಪಿಗೆಲ್ಲ ಅದ್ರಾಗೇ ಜಾಸ್ತಿ” ಎಂದೆ.

ಸದಸ್ಯರು ಎದೆ ಉಬ್ಬಿಸಿ, ಪಂಚೆ ಎತ್ತಿ ಕಟ್ಟಿ, ಊರಿಗೆಲ್ಲ ಹೇಳಲು ಹೊರಟರು.