ಹಸಿರು ಸೋಪಿನ ಕೊನೆಯ ದಿನ

ಸಂಜೆಯೊಳಗೆ ಎಂಟು ಸೋಪುಗಳಲ್ಲಿ ಒಂದನ್ನು ಮುಗಿಸಬೇಕಿತ್ತು. ಕಂಪನಿಯ ಸೋಪುಗಳ ಇಡೀ ಸಂಸಾರವನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರನ್ನು ಯಜಮಾನರು ಬೆಳಿಗ್ಗೆಯೇ ಕರೆಸಿದ್ದರು.

"ಒಂದರ ವ್ಯಾಪಾರ ಇನ್ನೊಂದು ತಿಂತಾ ಇದೆ ಕಣ್ರೀ. ಯಾವುದನ್ನ ನಿಲ್ಲಿಸೋದು, ನೀವೇ ಹೇಳಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಆಗೋರನ್ನ ಕೂರಿಸ್ತೀನಿ."

ಅವನು ತನ್ನ ಕೋಣೆ ಸೇರುವ ಮೊದಲೇ ಸುದ್ದಿ ಅಲ್ಲಿ ಹೋಗಿ ಕೂತಿತ್ತು. ಜಾಹೀರಾತಿನ ಮೇಡಂ ಗುಲಾಬಿ ಸೋಪನ್ನು ಹೆತ್ತ ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದರು. "ಇದನ್ನ ಮುಟ್ಟಿ ನೋಡಿ, ಆಮೇಲಿದೆ!" ಬಿಳಿ ಸೋಪು ಯಜಮಾನರ ತಾಯಿಗೆ ಬಲು ಇಷ್ಟ ಎಂದು ಗುಮಾಸ್ತ ಕಿವಿಯಲ್ಲಿ ಉಸುರಿದ. ಮಧ್ಯಾಹ್ನದ ಹೊತ್ತಿಗೆ ಏಳು ಸೋಪುಗಳಿಗೂ ಒಬ್ಬೊಬ್ಬರು ದಿಕ್ಕಾಗಿ, ಯಾರೂ ಕೊಳ್ಳದ ಹಸಿರು ಸೋಪು ಮಾತ್ರ ಅನಾಥವಾಗಿ ಉಳಿಯಿತು.

ಅದರ ಯಂತ್ರ ನೋಡಿಕೊಳ್ಳುತ್ತಿದ್ದವನು ಮ್ಯಾನೇಜರನ ಹೆಂಡತಿಯ ತಮ್ಮ.

ಹೆಂಡತಿಯ ಫೋನು ಬಂತು. "ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೀತೀರಾ?"

"ಇಲ್ದಿದ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ ಕಣೇ."

"ಆ ಹೊಟ್ಟೆಗೆ ಅಡುಗೆ ಮಾಡಿ ಹಾಕೋಳು ನಾನು. ನೆನಪಿರಲಿ!"

ಬೆವರು ಒರೆಸಿಕೊಳ್ಳುತ್ತ ಅವನು ಯಂತ್ರದ ಶೆಡ್ಡಿಗೆ ಹೋಗಿ, ತೊದಲುತ್ತ ವಿಷಯ ಹೇಳಿದ. ಭಾವಮೈದುನ ಕೂಗಾಡಲಿಲ್ಲ. "ಆಗ್ಲಿ ಭಾವ. ಉಳಿದಿರೋ ಮಾಲನ್ನಾದ್ರೂ ಅಂಗಡಿಗಳಿಗೆ ಹಾಕಿ ಬರ್ತೀನಿ" ಎಂದು ವ್ಯಾನು ಹತ್ತಿ ಹೊರಟೇಬಿಟ್ಟ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಮ್ಯಾನೇಜರನಿಗೆ.

ಸಂಜೆ ಯಜಮಾನರೆದುರು ನಿಂತು, ಕಣ್ಣು ಮುಚ್ಚಿ ಹೇಳಿದ: "ಹಸಿರು, ಸಾರ್."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಇಟ್ಟ ಕೂಡಲೇ ಮತ್ತೆ ಬಡಿದುಕೊಂಡಿತು. ಎಲ್ಲ ಅಂಗಡಿಯವರದೂ ಒಂದೇ ಗೋಳು: ಹಸಿರು ಸೋಪು ಕಳಿಸಿ! ಭಾವಮೈದುನ ಬೀದಿಬೀದಿಯಲ್ಲಿ "ಹಸಿರು ಸೋಪು, ಇವತ್ತೇ ಕೊನೆ! ಇನ್ಮೇಲೆ ಬೇಕಂದ್ರೂ ಸಿಗಲ್ಲ!" ಎಂದು ಕೂಗಿಬಂದಿದ್ದ. ಹುಟ್ಟಿದಾಗಿನಿಂದ ಅದನ್ನು ಮೂಸಿಯೂ ನೋಡದವರು ಈಗ ಒಬ್ಬರನ್ನೊಬ್ಬರು ತಳ್ಳಿಕೊಂಡು ಕೊಳ್ಳುತ್ತಿದ್ದರು.

ಯಜಮಾನರು ಮ್ಯಾನೇಜರನ್ನು ದಿಟ್ಟಿಸಿದರು. "ಇಂಥ ಸೋಪನ್ನ ನಿಲ್ಲಿಸ್ಬೇಕು ಅಂದ್ರಾ ನೀವು?"

ಭಾವಮೈದುನನನ್ನು ಕರೆಸಿದ್ದಾಯಿತು. ಹಸಿರು ಉಳಿಯಿತು. ಎಂಟೂ ಸೋಪುಗಳ ಉಸ್ತುವಾರಿ ಅವನಿಗೇ ಹೋಯಿತು. ಹಳೆಯ ಮ್ಯಾನೇಜರು ಅವನ ಸಹಾಯಕನಾದ.

ಹೊರಗೆ ಬಂದಾಗ ಭಾವಮೈದುನ ಅವನ ಕೈ ಹಿಡಿದುಕೊಂಡ. "ಬೇಜಾರು ಮಾಡ್ಕೋಬೇಡಿ. ಮನೇಲಿ ನೀವು ಯಾವಾಗ್ಲೂ ನನ್ನ ಭಾವಾನೇ."

"ಇರ್ಲಿ ಬಿಡಪ್ಪ" ಎಂದ ಅವನು.

"ಆಫೀಸಲ್ಲಿ ಮಾತ್ರ ಈ 'ಅಪ್ಪ-ಗಿಪ್ಪ' ಎಲ್ಲ ಬೇಡ. ನಾಲ್ಕು ಜನ ಕೇಳಿಸ್ಕೋತಾರೆ."

"ಆಯ್ತಪ್ಪ..." ಎಂದವನು ನಾಲಿಗೆ ಕಚ್ಚಿಕೊಂಡ. "ಆಯ್ತು, ಸಾರ್."