ಕಪ್ಪೆಗೊಂದು ಜೆರಾಕ್ಸ್

ಮಗಳನ್ನು ಕೊಡಿ ಎಂದು ಕೇಳಲು ನನಗೆ ಏಳು ನಿಮಿಷ ಸಾಕಾಗಿತ್ತು. ಕಪ್ಪೆಯನ್ನು ಕೊಡಿ ಎಂದು ಕೇಳಲು ಐದು ವಾರವಾದರೂ ಬಾಯಿ ಬರಲಿಲ್ಲ. ಎರಡನ್ನೂ ಕೇಳಬೇಕಾಗಿದ್ದದ್ದು ಒಬ್ಬರನ್ನೇ, ನನ್ನ ಮಾವನವರನ್ನು.

ಗಾಬರಿಯಾಗಬೇಡಿ, ಇದು ಕೆರೆಯ ಕಪ್ಪೆಯಲ್ಲ. ಅಂಗೈಯಗಲದ ವಿಡಿಯೋ ಗೇಮಿನೊಳಗಿನ ಮೂರು ಕೊಂಬಿನ ಕಪ್ಪೆ. ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ಹುಚ್ಚು ಹಿಡಿಸಿಕೊಂಡಿದ್ದ ಆಟವದು. ಪೊದೆಗಳಿಗೆ ನುಗ್ಗಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು. ಸ್ನೇಹಿತನ ಮೆಷಿನ್‌ಗೂ ನಮ್ಮದಕ್ಕೂ ಕೇಬಲ್ ಸಿಕ್ಕಿಸಿದರೆ ಅವನ ಪ್ರಾಣಿ ನಮಗೆ, ನಮ್ಮದು ಅವನಿಗೆ ಅದಲುಬದಲಾಗುತ್ತದೆ. ಒಟ್ಟು ಇನ್ನೂರ ನಲವತ್ತು ಪ್ರಾಣಿಗಳಿವೆ. ನನ್ನ ಹತ್ತಿರ ಇದ್ದದ್ದು ಇನ್ನೂರ ಮೂವತ್ತೊಂಬತ್ತು. ಹನ್ನೊಂದನೇ ವಯಸ್ಸಿನಿಂದ ಪಟ್ಟಿಯಲ್ಲಿ ಒಂದೇ ಒಂದು ಜಾಗ ಖಾಲಿ. ಬಿದ್ದ ಹಲ್ಲಿನ ಸಂದಿಗೆ ನಾಲಿಗೆ ಹೋಗುವ ಹಾಗೆ ನನ್ನ ಮನಸ್ಸು ಯಾವಾಗಲೂ ಅಲ್ಲಿಗೇ ಹೋಗುತ್ತಿತ್ತು.

ಆ ಕಪ್ಪೆ ಸಿಗುವುದು ಆಟದ ಮೊದಲನೇ ತಲೆಮಾರಿನಲ್ಲಿ ಮಾತ್ರ. ಗುಹೆಯಲ್ಲಿ ಕೂತ ಮುದುಕನೊಬ್ಬ ಆಟ ಶುರುವಾದ ಹೊಸದರಲ್ಲಿ ಒಂದೇ ಒಂದು ಕೊಡುತ್ತಾನೆ. ಕಳೆದುಕೊಂಡರೆ ಆಟವನ್ನೇ ಮೊದಲಿನಿಂದ ಶುರುಮಾಡಬೇಕು. ನನ್ನದು ಎರಡನೇ ತಲೆಮಾರಿನ ಮೆಷಿನ್. ಮೊದಲನೇ ತಲೆಮಾರಿನದು ಇದ್ದದ್ದು ನನ್ನ ಹೆಂಡತಿಯ ಬಳಿ. (ಮದುವೆಗೆ ಮುಂಚೆಯೇ ಹೇಳಿದ್ದಳು. ನಾನು ಒಪ್ಪಿದ್ದಕ್ಕೆ ಅದೊಂದೇ ಕಾರಣವಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸುತ್ತೇನೆ.)

ಹೆಂಡತಿಯ ಕಪಾಟಿನಲ್ಲಿ ಎಲ್ಲೋ ಹೂತುಹೋಗಿದ್ದ ಆ ಮೆಷಿನ್ ನನ್ನ ಕೈಗೆ ಬರುವ ಮುನ್ನ ಮಾವನ ಕೈ ಸೇರಿತು. ಅವರ ಮನೆಯ ತಾರಸಿ ಸೋರುತ್ತಿತ್ತು. ರಿಪೇರಿ ಮುಗಿಯುವವರೆಗೆ ಅತ್ತೆ ದೊಡ್ಡ ಮಗಳ ಮನೆಗೆ, ಮಾವ ನಮ್ಮ ಮನೆಗೆ ಎಂದು ಪಾಲಾಯಿತು. ಮಾವ ಮೂವತ್ತಾರು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದವರು. ಬಂದ ಮೊದಲ ವಾರ ಕೈಗಡಿಯಾರ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಿಂಡಿ ಆರು ನಿಮಿಷ ಲೇಟು" ಎಂದು ಪ್ರಕಟಣೆ ಹೊರಡಿಸುತ್ತಿದ್ದರು. ತಾಳಲಾರದೆ ನನ್ನವಳು ಹಳೆಯ ಮೆಷಿನ್ ಹುಡುಕಿ, "ಅಪ್ಪಾ, ಇದನ್ನ ಆಡ್ಕೊಂಡಿರು" ಎಂದು ಕೈಗಿಟ್ಟಳು.

ಆಡಿದರು. ಹೇಗೆ ಆಡಿದರು ಅಂತೀರಿ! ಕಿಟಕಿ ಪಕ್ಕದ ಕುರ್ಚಿಯಲ್ಲಿ (ಅದು ನನ್ನ ಕುರ್ಚಿ) ಕೂತು, ಪಕ್ಕದಲ್ಲಿ ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು, 'ಏಳು ಹತ್ತಕ್ಕೆ ಆನ್, ಎಂಟು ಇಪ್ಪತ್ತೈದಕ್ಕೆ ಆಫ್, ಲೈನ್ ಕ್ಲಿಯರ್' ಎಂದು ಬರೆದು ಬರೆದು ಆಡಿದರು. ಗುಹೆಯ ಮುದುಕ ಕೊಟ್ಟ ಕಪ್ಪೆಗೆ 'ಗಾರ್ಡು' ಎಂದು ಹೆಸರಿಟ್ಟರು. ಎಪ್ಪತ್ತೆರಡು ಗಂಟೆಗಳ ತಪಸ್ಸಿನಲ್ಲಿ ಅದನ್ನು ಬೆಟ್ಟದ ಹಾಗೆ ಬೆಳೆಸಿದರು.

"ಕೇಳಿದ್ರೆ ಕೊಡ್ತಾರೆ ರೀ" ಎಂದಳು ಹೆಂಡತಿ. "ಒಂದ್ಸಲ ನಿಮ್ಮ ಮೆಷಿನ್‌ಗೆ ಕಳಿಸಿ ವಾಪಸ್ ತಗೊಂಡ್ರೂ ನಿಮ್ಮ ಪಟ್ಟಿ ತುಂಬುತ್ತಲ್ಲ? ಐದು ನಿಮಿಷದ ಕೆಲಸ."

"ಅವರ ಹತ್ರ ಆಗ್ಲೇ ಒಂದು ಕೇಳಿ ತಗೊಂಡಿದ್ದೀನಿ. ಪದೇ ಪದೇ ಕೈಚಾಚಿದ್ರೆ ಚೆನ್ನಾಗಿರುತ್ತಾ?"

"ತಗೊಂಡಿದ್ದನ್ನ ವಾಪಸ್ ಕೊಡೋ ಹಾಗಿಲ್ಲ, ನೆನಪಿರ್ಲಿ."

ನಿಜ ಹೇಳಬೇಕೆಂದರೆ ನನಗೆ ಭಯ. ಮದುವೆಯಾಗಿ ಹತ್ತು ತಿಂಗಳಾದರೂ ಮಾವ ನನ್ನನ್ನು 'ಅಳಿಯಂದ್ರೇ' ಎಂದು ಕರೆದಿರಲಿಲ್ಲ. 'ಇವ್ರೇ' ಎನ್ನುತ್ತಿದ್ದರು, ಟಿಕೆಟ್ ಇಲ್ಲದೆ ಹತ್ತಿದ ಪ್ರಯಾಣಿಕನನ್ನು ಕರೆಯುವ ಹಾಗೆ. ಅಂಥವರ ಮುಂದೆ ಮೂವತ್ತರ ಗಂಡಸು ನಿಂತು "ಮಾವ, ಕಪ್ಪೆ ಬೇಕು" ಎನ್ನುವುದು ಹೇಗೆ?

ಆಗ ಹೊಳೆಯಿತು ನೋಡಿ ಆ ದಿವ್ಯ ಉಪಾಯ. ಕೇಳುವುದೇ ಬೇಡ, ನಕಲು ಮಾಡೋಣ! ಎಷ್ಟೆಂದರೂ ನಾನು ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವವನು. ಆಫೀಸಿಂದ ಆಫೀಸಿಗೆ ಅಲೆದು, ಮೆಷಿನ್ ಆಫ್ ಮಾಡಿ, ಗಂಭೀರವಾಗಿ ತಲೆಯಾಡಿಸಿ, ಮತ್ತೆ ಆನ್ ಮಾಡುವುದೇ ನನ್ನ ವೃತ್ತಿ. ಆ ಆಟವನ್ನು ಏಮಾರಿಸಲು ಬೇಕಾದದ್ದೂ ಅದೇ ವಿದ್ಯೆ. ಸ್ಕೂಲಿನಲ್ಲಿ ನಮಗೆಲ್ಲ ಗೊತ್ತಿದ್ದ ಗುಟ್ಟು ಇದು: ಅದಲುಬದಲಾಗುವಾಗ ಎರಡು ಮೆಷಿನ್‌ಗಳೂ ಏಕಕಾಲಕ್ಕೆ ಲೆಕ್ಕ ಬರೆದುಕೊಳ್ಳುವುದಿಲ್ಲ, ನಡುವೆ ಅರ್ಧ ಕ್ಷಣದ ಸಂದು ಇರುತ್ತದೆ. ಪಡೆದವನ ಮೆಷಿನ್ 'ಬಂತು' ಎಂದು ಬರೆದುಕೊಂಡ ತಕ್ಷಣ ಕೊಟ್ಟವನದನ್ನು ಆಫ್ ಮಾಡಬೇಕು. ಕೊಟ್ಟವನ ಮೆಷಿನ್‌ಗೆ ತಾನು ಕೊಟ್ಟದ್ದೇ ನೆನಪಿರುವುದಿಲ್ಲ. ಅಲ್ಲೂ ಒಂದು ಕಪ್ಪೆ, ಇಲ್ಲೂ ಒಂದು ಕಪ್ಪೆ!

ಇನ್ನೊಂದು ತೊಡಕಿತ್ತು. ಬದಲಿಗೆ ನಾನೂ ಒಂದು ಪ್ರಾಣಿ ಕಳಿಸಬೇಕು. ಎರಡನೇ ತಲೆಮಾರಿನ ಪ್ರಾಣಿ ಹೊಸದಾಗಿ ಕಲಿತ ವಿದ್ಯೆಯನ್ನೆಲ್ಲ ಮರೆತರೆ ಮಾತ್ರ ಹಳೆಯ ತಲೆಮಾರಿನವರು ಒಳಗೆ ಬಿಟ್ಟುಕೊಳ್ಳುತ್ತಾರೆ. (ಮಾವನ ಮನೆಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಹಾಗಾಗಿ ಕಚ್ಚುವುದು ಬಿಟ್ಟು ಬೇರೇನೂ ಬಾರದ ಬಡಪಾಯಿ ಇಲಿಗಳನ್ನು ಆರಿಸಿಟ್ಟೆ.

ಭಾನುವಾರ ಬೆಳಗ್ಗೆ ಮಾವ ವಾಕಿಂಗ್ ಹೊರಟರು. ಅವರ ವಾಕಿಂಗ್ ನಲವತ್ತೆರಡು ನಿಮಿಷ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತಾರಸಿ ಕೆಲಸ ಮುಗಿದು, ಮಂಗಳವಾರ ಅವರು ಊರಿಗೆ ಹೊರಡುವವರಿದ್ದರು. ಇದೇ ಕೊನೆಯ ಅವಕಾಶ. ಒಲೆಯ ಮೇಲೆ ಹಾಲಿಟ್ಟು, "ಹಾಲು ನೋಡ್ಕೊಳ್ಳಿ" ಎಂದು ಹೆಂಡತಿ ಸ್ನಾನಕ್ಕೆ ಹೋದಳು. ನಾನು ಊಟದ ಟೇಬಲ್ ಮೇಲೆ ಎರಡು ಮೆಷಿನ್‌ಗಳನ್ನಿಟ್ಟು ಕೇಬಲ್ ಸಿಕ್ಕಿಸಿದೆ. ಮಾವನ ಹತ್ತಿರ ಮೂಲೆಗೆ ಬಿದ್ದಿದ್ದ ಒಂದು ಬಾವಲಿಯ ಮೇಲೆ ಮೊದಲ ಪ್ರಯೋಗ. ಟಪ್ ಎಂದು ಮಾವನ ಮೆಷಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಆಹಾ! ಅಲ್ಲೊಂದು ಬಾವಲಿ, ಇಲ್ಲೊಂದು ಬಾವಲಿ. ನನ್ನದೊಂದು ಇಲಿ ಮಾಯವಾಗಿತ್ತು, ಇರಲಿ, ಇಲಿಗೇನು ಬರ? ಬ್ರಹ್ಮನಿಗೂ ಮೊದಲ ದಿನ ಇಷ್ಟು ಸಂತೋಷವಾಗಿರಲಾರದು.

ಈಗ ಗಾರ್ಡು. ಬಲಗೈ ಹೆಬ್ಬೆರಳು ಮಾವನ ಮೆಷಿನ್ ಸ್ವಿಚ್ಚಿನ ಮೇಲೆ, ಎಡಗೈಯಲ್ಲಿ ನನ್ನ ಮೆಷಿನ್. ಕಪ್ಪೆ ಕೇಬಲ್ಲಿನೊಳಗೆ ಇಳಿಯಿತು. ಇಲಿ ಎದುರಿನಿಂದ ಹೊರಟಿತು. ಆಗ ಬಚ್ಚಲಿನಿಂದ ಆಕಾಶವಾಣಿಯಾಯಿತು:

"ರೀ! ಹಾಲು ಉಕ್ಕಿದ ವಾಸನೆ! ಆಫ್ ಮಾಡ್ರೀ!"

ಓದುಗರೇ, ಹತ್ತು ತಿಂಗಳ ತರಬೇತಿ ಸುಮ್ಮನೆ ಅಲ್ಲ. ಆ ದನಿ ಕಿವಿಗೆ ಬಿದ್ದರೆ ನನ್ನ ಕೈ ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಫ್ಯಾನ್ ಆಫ್, ಲೈಟ್ ಆಫ್, ಟಿವಿ ಆಫ್, ಎಲ್ಲಕ್ಕೂ ಮೊದಲು ಕೈ, ಆಮೇಲೆ ನಾನು. ಆ ಕ್ಷಣ ಎಡಗೈಗೆ ಸಿಕ್ಕಿದ್ದನ್ನು ಅದು ಆಫ್ ಮಾಡಿತು. ಸಿಕ್ಕಿದ್ದು ನನ್ನ ಮೆಷಿನ್.

ಆಫ್ ಆಗಬೇಕಾದ್ದು ಮಾವನದು, ಆದದ್ದು ನನ್ನದು. ನನ್ನ ಮೆಷಿನ್ ಕಪ್ಪೆಯನ್ನು ಬರೆದುಕೊಳ್ಳುವ ಮುನ್ನವೇ ಕಣ್ಣುಮುಚ್ಚಿತು. ಮಾವನದು ನಿಷ್ಠೆಯಿಂದ ಇಲಿಯನ್ನು ಬರೆದುಕೊಂಡಿತು. ಎರಡನ್ನೂ ತೆರೆದು ನೋಡಿದರೆ ಅಲ್ಲೊಂದು ಇಲಿ, ಇಲ್ಲೊಂದು ಇಲಿ. ಗಾರ್ಡು ಎಲ್ಲೂ ಇಲ್ಲ. ಎಪ್ಪತ್ತೆರಡು ಗಂಟೆ ಸಾಕಿದ ಕಪ್ಪೆ ಒಂದು ಮೊಳ ಕೇಬಲ್ಲಿನ ನಡುವೆ ಮುಕ್ತಿ ಪಡೆದಿತ್ತು. ಹಾಲು ಒಲೆಯಿಂದ ನೆಲಕ್ಕೆ ಇಳಿದು ನನ್ನ ಕಡೆಗೇ ಹರಿದು ಬರುತ್ತಿತ್ತು.

ಮಾವ ಬಂದರು. ಮೆಷಿನ್ ತೆರೆದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. ಪಾಪ, ಅವರ ಮುಖವನ್ನು ನನಗೆ ನೋಡಲಾಗಲಿಲ್ಲ. ಆದರೂ ವೃತ್ತಿಧರ್ಮ ಬಿಡಲಿಲ್ಲ.

"ಹಳೇ ಮೆಷಿನ್ ಅಲ್ವಾ ಮಾವ," ಎಂದೆ, ಗಿರಾಕಿಗಳಿಗೆ ಹೇಳುವ ದನಿಯಲ್ಲಿ. "ಈಗ ಅದರ ಪಾರ್ಟ್ಸೂ ಸಿಗಲ್ಲ."

"ಇವ್ರೇ, ಕೂತ್ಕೊಳ್ಳಿ" ಎಂದರು ಮಾವ. ವಿಚಾರಣೆ ಶುರುವಾಯಿತು. "ನಾನು ವಾಕಿಂಗ್ ಹೋಗುವಾಗ ಇದ್ದದ್ದು ಕಪ್ಪೆ. ಈಗಿರೋದು ಇಲಿ. ಪ್ರತಿ ಪ್ರಾಣಿಯ ಹಿಂದೆಯೂ ಅದನ್ನ ಮೊದಲು ಹಿಡಿದವನ ಹೆಸರು ಬರೆದಿರುತ್ತೆ. ಇದರ ಹಿಂದೆ 'ಮಹಾಶೂರ' ಅಂತಿದೆ. ಯಾರು ಈ ಮಹಾಶೂರ?"

ಹನ್ನೊಂದನೇ ವಯಸ್ಸಿನಲ್ಲಿ ಮನುಷ್ಯ ತನಗೆ ತಾನೇ ಏನೇನೋ ಹೆಸರಿಟ್ಟುಕೊಳ್ಳುತ್ತಾನೆ. ನಾನು ನೆಲದ ಹಾಲನ್ನು ಒರೆಸುವುದರಲ್ಲಿ ತನ್ಮಯನಾದೆ.

"ಇವರೇ ಅಪ್ಪ" ಎಂದಳು ನನ್ನ ಧರ್ಮಪತ್ನಿ, ತಲೆಗೆ ಟವೆಲ್ ಸುತ್ತಿಕೊಳ್ಳುತ್ತ. "ಮಹಾಶೂರರು ಅಲ್ಲಿ ಬಗ್ಗಿದಾರೆ ನೋಡು."

ಎಲ್ಲ ಒಪ್ಪಿಕೊಂಡೆ. ಮಾವನಿಗೆ ಕಪ್ಪೆ ಹೋದದ್ದಕ್ಕಿಂತ ನಕಲಿನ ವಿಷಯ ಹೆಚ್ಚು ಚುಚ್ಚಿತು. "ಒಂಟಿ ಹಳಿ ಮೇಲೆ ರೈಲು ಬಿಡ್ಬೇಕಾದ್ರೆ ಡ್ರೈವರ್ ಕೈಗೆ ಒಂದು ಟೋಕನ್ ಕೊಡ್ತಿದ್ವಿ. ಒಂದು ಹಳಿಗೆ ಒಂದೇ ಟೋಕನ್. ಎರಡಾಯ್ತೋ, ಎದುರಾಬದುರು ಎರಡು ರೈಲು! ಮೂವತ್ತಾರು ವರ್ಷ ಒಂದನ್ನ ಎರಡು ಮಾಡ್ದೋನಲ್ಲ ನಾನು. ಕೇಳಿದ್ರೆ ಕೊಡ್ತಿರ್ಲಿಲ್ವಾ ಇವ್ರೇ? ಮಗಳನ್ನೇ ಕೊಟ್ಟೆ."

ತಲೆ ತಗ್ಗಿಸಿದೆ. ಎತ್ತಿದಾಗ ತೀರ್ಪು ಬಂದಿತ್ತು.

"ಪುಟ್ಟಿ, ಮಂಗಳವಾರದ ಟಿಕೆಟ್ ಕ್ಯಾನ್ಸಲ್ ಮಾಡಮ್ಮ. ಆಟ ಮೊದಲಿಂದ ಶುರುಮಾಡ್ಬೇಕು. ಗಾರ್ಡು ಮತ್ತೆ ಆ ಎತ್ತರಕ್ಕೆ ಬರೋವರೆಗೂ ನಾನು ಇಲ್ಲೇ."

ಹೀಗೆ ನನ್ನ ಕುರ್ಚಿ ಇನ್ನೂ ಐದು ವಾರ ಮಾವನದಾಯಿತು. ನನ್ನ ಕೇಬಲ್ ಅವರ ಅಂಗಿಯ ಜೇಬು ಸೇರಿತು. ನಾನು ಕೆಲಸದಿಂದ ಬಂದರೆ, "ಇವ್ರೇ, ಗಾರ್ಡು ಇವತ್ತು ಎರಡು ಮೆಟ್ಟಿಲು ಮೇಲೆ" ಎಂದು ವರದಿ ಒಪ್ಪಿಸುತ್ತಿದ್ದರು. ನಾನು 'ಸಂತೋಷ ಮಾವ' ಎನ್ನುತ್ತಿದ್ದೆ. (ಪಾಪಿಗೆ ಬೇರೇನು ಹೇಳುವ ಹಕ್ಕಿದೆ?)

ಐದನೇ ಭಾನುವಾರ ಮಾವನ ಚೀಲ ಬಾಗಿಲ ಬಳಿ ಸಿದ್ಧವಾಗಿ ಕೂತಿತ್ತು. ಮಧ್ಯಾಹ್ನದ ರೈಲು. ಮಾವ ಜೇಬಿನಿಂದ ಕೇಬಲ್ ತೆಗೆದು ಟೇಬಲ್ ಮೇಲಿಟ್ಟರು.

"ಬನ್ನಿ ಇವ್ರೇ. ನ್ಯಾಯವಾಗಿ ಮಾಡೋಣ. ಗಾರ್ಡು ನಿಮ್ಮ ಕಡೆ ಬರ್ತಾನೆ, ನಿಮ್ಮ ಪಟ್ಟಿ ತುಂಬುತ್ತೆ, ವಾಪಸ್ ಬರ್ತಾನೆ. ನೀವು ಮಾತ್ರ ಎರಡೂ ಕೈ ಟೇಬಲ್ ಮೇಲೆ ಅಂಗಾತ ಇಡಿ. ಮೆಷಿನ್ ಮುಟ್ಟಕೂಡದು."

ಇಟ್ಟೆ. ಮಾವ ನನ್ನ ಮೆಷಿನ್‌ನಲ್ಲಿ ತಾವೇ ಒಂದು ಇಲಿಯನ್ನು ಆರಿಸಿ, ತಮ್ಮ ಮೆಷಿನ್ ಹಿಡಿದು ಗುಂಡಿ ಒತ್ತಿದರು. ಗಾರ್ಡು ಹೊರಟ. ನನ್ನ ಪರದೆಯ ಮೇಲೆ ಮೂರು ಕೊಂಬು ಮೂಡಿದವು. 'ಬಂತು' ಎಂದು ಅಕ್ಷರ ಬಿತ್ತು. ಇಪ್ಪತ್ತು ವರ್ಷದ ಹಲ್ಲಿನ ಸಂದು ತುಂಬಿತು! ಅದೇ ಅರ್ಧ ಕ್ಷಣದಲ್ಲಿ, ಬಚ್ಚಲಿನಿಂದ:

"ಹಾಲು ಉಕ್ತಿದೆ! ಯಾರಾದ್ರೂ ಆಫ್ ಮಾಡ್ರೀ!"

ನನ್ನ ಕೈ ಟೇಬಲ್ಲನ್ನೇ ಆಫ್ ಮಾಡಲು ಹೊರಟಿತು. ಆದರೆ 'ಟಪ್' ಎಂಬ ಸದ್ದು ಬಂದದ್ದು ಎದುರಿನಿಂದ.

ಮಾವ ತಮ್ಮ ಹೆಬ್ಬೆರಳನ್ನೇ ದಿಟ್ಟಿಸುತ್ತಿದ್ದರು. ಯಾರದೋ ಹೆಬ್ಬೆರಳು ತಮ್ಮ ಕೈಗೆ ಅಂಟಿಕೊಂಡಿದೆ ಎಂಬಂತೆ.

"ಅದು..." ಎಂದರು ಮೆಲ್ಲಗೆ. "ಒಂದು ಕ್ಷಣ ನಿಮ್ಮತ್ತೆ ಕೂಗಿದ ಹಾಗಾಯ್ತು."

ಅವರು ಮೆಷಿನ್ ಮತ್ತೆ ಆನ್ ಮಾಡಿದರು. ಅಲ್ಲಿ ಗಾರ್ಡು. ನನ್ನದರಲ್ಲೂ ಗಾರ್ಡು. ಸಿಗ್ನಲ್ ಕ್ಯಾಬಿನ್ನಿನ ಮೂವತ್ತಾರು ವರ್ಷಕ್ಕಿಂತ ನಲವತ್ತು ವರ್ಷದ ಸಂಸಾರ ದೊಡ್ಡ ತರಬೇತಿ. ಜೆರಾಕ್ಸ್ ಮೆಕ್ಯಾನಿಕ್ಕಿನ ಕೈಲಾಗದ ನಕಲನ್ನು ಮಾವ ಮೊದಲ ಏಟಿಗೇ ಮಾಡಿ ಬಿಸಾಕಿದ್ದರು.

ಮಾವ ನೋಟ್‌ಬುಕ್ಕನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ನೋಟ್‌ಬುಕ್ ಮಡಚಿ ಅದರ ಮೇಲೆ ಕೂತರು. ಆಮೇಲೆ ನನ್ನತ್ತ ಬಾಗಿ, ಮದುವೆಯಾಗಿ (ಹತ್ತು ತಿಂಗಳಲ್ಲ, ಈಗ ಹನ್ನೊಂದೂ ದಾಟಿದ್ದವು) ಮೊತ್ತಮೊದಲ ಬಾರಿಗೆ ಆ ಮಾತು ಆಡಿದರು:

"ಅಳಿಯಂದ್ರೇ."

"ಮಾವ!" ಎಂದು ಎದ್ದು ನಿಂತೇಬಿಟ್ಟೆ.

"ಆ ಬೆಂಕಿ ಉಗುಳೋ ಹಂದಿ ಇದೆಯಲ್ಲ, ಅದನ್ನೂ ಹೀಗೇ ಎರಡು ಮಾಡ್ಬಹುದಾ?"

"ಮಾಡ್ಬಹುದು ಮಾವ. ಆದ್ರೆ ರೈಲಿಗೆ ಹೊತ್ತಾಯ್ತು..."

"ರೈಲು ದಿನಾ ಇರುತ್ತೆ." ಮಾವ ಎದ್ದು, ಬಾಗಿಲ ಬಳಿಯ ಚೀಲವನ್ನು ತಾವೇ ಒಳಗೆ ತಂದಿಟ್ಟು, ಬಚ್ಚಲಿನ ಕಡೆ ಕತ್ತು ಚಾಚಿ ಕೂಗಿದರು: "ಪುಟ್ಟಿ, ಬೇಗ ಬಾಮ್ಮ. ಇನ್ನೊಂದು ಪಾತ್ರೆ ಹಾಲಿಡು. ಇಟ್ಟು, ಉಕ್ಕುವಾಗ ಅದೇ ಥರ ಕೂಗ್ಬೇಕು. ಅದಿಲ್ದಿದ್ರೆ ನನ್ನ ಬೆರಳಿಗೆ ಟೈಮಿಂಗ್ ಸಿಗಲ್ಲ!"

ಈಗ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಹಾಲು ಕಾಯುತ್ತದೆ. ಕಿಟಕಿ ಪಕ್ಕದ ಕುರ್ಚಿ ಮಾವನದು, ಕೂಗುವ ಕೆಲಸ ಹೆಂಡತಿಯದು. ಉಕ್ಕಿದ ಹಾಲು ಒರೆಸುವುದು ನನ್ನದು. ಉಳಿದದ್ದನ್ನು ಕುಡಿಯುವುದೂ ನನ್ನದೇ.