ಬೀಸದ ಎಡಗೈ

ಕೇರಳದಲ್ಲಿ ಕುಳಿತುಕೊಂಡು, ಎಣ್ಣೆ ಇಲ್ಲದೆ ಮೊಣಕಾಲು ನೋವಿಗೆ ಚಿಕಿತ್ಸೆ ಕೊಡುತ್ತೇನೆ ಎಂದು ಹೇಳಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಕೊಚ್ಚಿಯ ಕಲೂರಿನಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ ತೆರೆದ ಹೊಸತರಲ್ಲಿ ಒಳಗೆ ಕಾಲಿಟ್ಟವರೆಲ್ಲ ಮೊದಲು ಮೂಗೆತ್ತಿ ವಾಸನೆ ನೋಡುತ್ತಿದ್ದರು. ಎಣ್ಣೆಯ ವಾಸನೆ ಇಲ್ಲ, ಕಷಾಯದ ವಾಸನೆ ಇಲ್ಲ, ದೋಣಿಯಂಥ ಮರದ ಮಂಚವೂ ಇಲ್ಲ. ಇದ್ದದ್ದು ಉದ್ದನೆಯ ಒಂದು ನೀಲಿ ಚಾಪೆ, ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಅದರ ಹಿಂದೆ ನಾನು. “ಇಲ್ಲಿ ಏನು ಮಾಡುತ್ತೀರಿ?” ಎಂದು ಕೇಳಿದ ಒಬ್ಬ ಅಜ್ಜಿಗೆ, “ನೀವು ನಡೆಯುವುದನ್ನು ನೋಡುತ್ತೇವೆ” ಎಂದು ವಿನಯದಿಂದ ಹೇಳಿದೆ. ಅವರು ಅದನ್ನು ಒಪ್ಪಿಕೊಂಡು, ಚಾಪೆಯ ಮೇಲೆ ಎರಡು ಸಲ ನಡೆದು ತೋರಿಸಿ, ಕುರ್ಚಿಯಲ್ಲಿ ಕುಳಿತು, “ನೋಡಿ ಆಯ್ತಲ್ಲ ಮಗಳೇ, ಇನ್ನು ಎಣ್ಣೆ ಹಚ್ಚುವುದು ಎಷ್ಟು ಹೊತ್ತಿಗೆ?” ಎಂದರು. ಕಾಸರಗೋಡಿನಲ್ಲಿರುವ ನನ್ನ ದೊಡ್ಡಮ್ಮನ ತಿಳಿವಳಿಕೆ ಇನ್ನೂ ಬೇರೆ. ಹುಡುಗಿ ಇಷ್ಟು ಓದಿ ಕೊಚ್ಚಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತು. ಕಳೆದ ಸಲ ಊರಿಗೆ ಹೋದಾಗ, “ಪಾಸ್‌ಪೋರ್ಟ್ ಸೈಜಿನದ್ದೂ ತೆಗೀತೀಯಾ?” ಎಂದು ವಿಚಾರಿಸಿದರು.

ನನ್ನ ಯಂತ್ರದ ಕೆಲಸವನ್ನು ಒಮ್ಮೆ ಹೇಳಿಬಿಡುತ್ತೇನೆ. ಮನುಷ್ಯ ಚಾಪೆಯ ಮೇಲೆ ನಡೆಯುವಾಗ ಕ್ಯಾಮೆರಾ ಅವನ ಭುಜ, ಮೊಣಕೈ, ಸೊಂಟ, ಮೊಣಕಾಲು, ಹಿಮ್ಮಡಿಗಳನ್ನು ಗುರುತಿಸಿ ಒಂದೊಂದು ಚುಕ್ಕೆ ಇಡುತ್ತದೆ. ಚುಕ್ಕೆಗಳನ್ನು ಗೆರೆಗಳಿಂದ ಜೋಡಿಸಿದರೆ ಪರದೆಯ ಮೇಲೆ ಒಂದು ಕಡ್ಡಿ ಮನುಷ್ಯ ನಡೆಯತೊಡಗುತ್ತಾನೆ. ಹೆಜ್ಜೆ ಎಷ್ಟು ಉದ್ದ, ಮೊಣಕಾಲು ಎಷ್ಟು ಬಾಗಿತು, ಕೈ ಎಷ್ಟು ಬೀಸಿತು ಎಂಬುದನ್ನು ಅಳೆದು, ಸರಿ ಇದ್ದದ್ದಕ್ಕೆ ಹಸಿರು, ಸರಿ ಇಲ್ಲದ್ದಕ್ಕೆ ಕೆಂಪು ಬಣ್ಣ ಕೊಡುತ್ತದೆ. ಮೂಲ ವಿಡಿಯೋವನ್ನು ಇಟ್ಟುಕೊಳ್ಳಬೇಕೋ ಅಳಿಸಬೇಕೋ ಎಂದು ಅದು ಮೊದಲೇ ಕೇಳುತ್ತದೆ. ನಾನು ಒಂದು ಕ್ಷಣವೂ ಯೋಚಿಸದೆ ‘ಅಳಿಸು’ ಎಂದು ಹೇಳಿಟ್ಟಿದ್ದೆ. ಮುಖ, ಬಟ್ಟೆ, ಹೊಟ್ಟೆ ಯಾವುದೂ ಉಳಿಯುವುದಿಲ್ಲ. ಕಡ್ಡಿ ಮಾತ್ರ ಉಳಿಯುತ್ತದೆ. ರೋಗಿಗಳ ಖಾಸಗಿತನಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಇಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಹೇಳದೆ ಇದ್ದ ಕಾರಣ ಬೇರೆಯೇ. ಲಿಫ್ಟಿನಲ್ಲಿ ಇನ್ನೊಬ್ಬರು ಇದ್ದರೆ, ಎಷ್ಟು ಜನ ಹತ್ತಬಹುದು ಎಂಬ ಫಲಕವನ್ನು ಕೆಳಗಿನಿಂದ ನಾಲ್ಕನೆಯ ಮಹಡಿಯವರೆಗೂ ಓದುವವಳು ನಾನು. ಸ್ನಾಯುವನ್ನಾದರೆ ಧೈರ್ಯವಾಗಿ ಮುಟ್ಟಿ ನೋಡಬಲ್ಲೆ. ಒಬ್ಬ ಇಡೀ ಮನುಷ್ಯ ನನ್ನ ಕಡೆಗೇ ನಡೆದು ಬರುವಾಗ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಕಡ್ಡಿ ಮನುಷ್ಯನಿಂದ ಆ ತೊಂದರೆ ಇಲ್ಲ.

ನನ್ನ ಸಹಾಯಕಿ ಶೈನಿ ಇದಕ್ಕೆ ತದ್ವಿರುದ್ಧ. ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಅವರ ಮಗಳಿಗೆ ಎಲ್ಲಿ ಕೆಲಸ, ಮೊಮ್ಮಗನಿಗೆ ಗಣಿತದಲ್ಲಿ ಎಷ್ಟು ಅಂಕ ಎಂಬುದನ್ನೆಲ್ಲ ತಿಳಿದುಕೊಂಡಿರುತ್ತಾಳೆ. ಎರಡು ವಾರಕ್ಕೊಮ್ಮೆ ಶನಿವಾರ ನಾವಿಬ್ಬರೂ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿಕೊಂಡು ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗುತ್ತೇವೆ. ತಂಪಾನೂರಿನಲ್ಲಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಲ್ಲಿನ ಡಾಕ್ಟರೊಬ್ಬರ ಮಹಡಿಯ ಮೇಲೆ ನಮಗೊಂದು ಬಾಡಿಗೆ ಕೋಣೆ ಇದೆ. ವೆಂಕಟ್ರಮಣ ರಾಯರು ಅಲ್ಲಿಗೇ ಬಂದದ್ದು.

ರಾಯರು ಕಾಸರಗೋಡಿನ ಕಡೆಯವರು. ತಿರುವನಂತಪುರದಲ್ಲಿ ಸರಕಾರದ ಕಾನೂನು ವಿಭಾಗದಲ್ಲಿ ಕಡತ ನೋಡಿ ನೋಡಿ ನಿವೃತ್ತರಾದವರು. ಬಲ ಮೊಣಕಾಲು ನೋವು. ಜೊತೆಯಲ್ಲಿ ಹೆಂಡತಿ ಶಾರದಕ್ಕ. ರಾಯರು ನನ್ನ ಹೆಸರಿನ ಫಲಕವನ್ನು ಓದಿ, “ನಮ್ಮ ಊರಿನ ಹುಡುಗಿ ಅಂತ ಗೊತ್ತಾಗಿಯೇ ಬಂದದ್ದು. ನೀವು ಯಾರ ಪೈಕಿ?” ಎಂದರು. ಈ ಪ್ರಶ್ನೆಗೆ ಹೆದರಿಯೇ ನಾನು ಊರಿನಿಂದ ಇಷ್ಟು ದೂರದಲ್ಲಿ ಕ್ಲಿನಿಕ್ ಹಾಕಿದ್ದು. ಮಾತು ಬದಲಿಸುವುದಕ್ಕಾಗಿ, ಪರೀಕ್ಷೆಗೆ ಮೊಣಕಾಲು ಕಾಣುವಂಥ ಚಡ್ಡಿ ಹಾಕಿಕೊಳ್ಳಬೇಕು ಎಂದೆ.

“ಚಡ್ಡಿಯಾ? ನಾನು ಚಡ್ಡಿ ಬಿಟ್ಟದ್ದು ಎಂಟನೇ ಕ್ಲಾಸಿನಲ್ಲಿ. ಇನ್ನು ಪುನಃ ಅದಕ್ಕೆ ಹೋಗ್ಲಿಕ್ಕಿಲ್ಲ.”

“ಹಾಕಿದ್ರೂ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ,” ಎಂದರು ಶಾರದಕ್ಕ.

ಉಟ್ಟ ಪಂಚೆಯನ್ನು, ಅಂದರೆ ಇಲ್ಲಿಯವರ ಮುಂಡನ್ನು, ಮಡಚಿ ಮೊಣಕಾಲಿನ ಮೇಲೆ ಕಟ್ಟಿಕೊಂಡರೂ ಸಾಕು ಎಂದು ಶೈನಿ ರಾಜಿ ಮಾಡಿಸಿದಳು. ಕಟ್ಟಿಸಿ, ಚಾಪೆಯ ತುದಿಯಲ್ಲಿ ನಿಲ್ಲಿಸಿ, ಹೊರಗೆ ಶಾರದಕ್ಕನ ಜೊತೆ ಸಾರಿನ ಪುಡಿಯ ವಿಷಯ ಮಾತಾಡಲು ಹೋದಳು. ಅಷ್ಟು ಹೊತ್ತು ಹೊರಗೆ ನಿಂತಿದ್ದ ನಾನು ಒಳಗೆ ಬಂದು ಲ್ಯಾಪ್‌ಟಾಪಿನ ಹಿಂದೆ ಕುಳಿತು, ಪರದೆಯ ಮೇಲೆ ಕಣ್ಣಿಟ್ಟು, “ನಡೆಯಿರಿ” ಎಂದೆ. ಕಡ್ಡಿ ರಾಯರು ನಡೆದರು. ಮೊಣಕಾಲಿನ ಗೆರೆ ಸ್ವಲ್ಪ ಅಲುಗಾಡುತ್ತಿತ್ತು. ಆದರೆ ಬೇರೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹೆಜ್ಜೆಗಳು ತೀರಾ ಚಿಕ್ಕವು. ಬಲಗೈ ಸಾಧಾರಣವಾಗಿ ಬೀಸುತ್ತಿತ್ತು. ಎಡಗೈ ಸೊಂಟದ ಕೆಳಗೆ ಅಂಟಿಕೊಂಡು ಹಾಗೆಯೇ ನಿಂತಿತ್ತು. ಇನ್ನೊಮ್ಮೆ ನಡೆಸಿದೆ. ಅದೇ. ಕೆಂಪು.

ಒಂದು ಕೈ ಬೀಸದಿರುವುದು, ಹೆಜ್ಜೆ ಗಿಡ್ಡವಾಗುವುದು ಕೆಲವು ನರದ ಕಾಯಿಲೆಗಳ ಮೊದಲ ಗುರುತಾಗಿರಬಹುದು ಎಂದು ನಾವು ಓದಿದ್ದೇವೆ. ಎದುರಿಗೆ ಏನೂ ಹೇಳಲು ನನಗೆ ಬಾಯಿ ಬರಲಿಲ್ಲ. ಮೊಣಕಾಲಿನ ವ್ಯಾಯಾಮ ಹೇಳಿಕೊಟ್ಟು ಕಳಿಸಿ, ಕೊಚ್ಚಿಗೆ ಮರಳಿದ ಮೇಲೆ ವರದಿಯ ಕೊನೆಯಲ್ಲಿ ಒಂದು ವಾಕ್ಯ ಬರೆದೆ. ಆ ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೆ. ‘ಎಡಗೈಯ ಚಲನೆ ಕಡಿಮೆ ಕಂಡುಬಂದಿರುವುದರಿಂದ, ಮುನ್ನೆಚ್ಚರಿಕೆಯಾಗಿ ನರರೋಗ ತಜ್ಞರ ಸಲಹೆ ಪಡೆಯುವುದು ಒಳ್ಳೆಯದು.’ ಎಷ್ಟು ಮೃದುವಾಗಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಫೋನಿನಲ್ಲಿ ಕಳಿಸಿದೆ.

ಮೂರನೆಯ ದಿನ ನಾನು ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಶಾರದಕ್ಕನ ಫೋನು ಬಂತು.

“ಡಾಕ್ಟ್ರೇ, ಇವರಿಗೆ ಎಂತ ಉಂಟು? ಬಾಯಿ ಬಿಟ್ಟು ಹೇಳಿ.”

“ಏನೂ ಖಚಿತ ಇಲ್ಲ. ಒಂದು ಮುನ್ನೆಚ್ಚರಿಕೆ ಅಷ್ಟೆ.”

“ಮುನ್ನೆಚ್ಚರಿಕೆ ಅಂತ ನೀವು ಬರ್ದದ್ದು ನಾನು ಓದಿದ್ದೇನೆ. ಇವರು ಎರಡು ದಿನದಿಂದ ಕುರ್ಚಿಯಲ್ಲಿ ಕೂತು ಎಡಗೈ ನೋಡ್ತಾ ಇದ್ದಾರೆ. ನೋಡಿ ನೋಡಿ ಅದು ಈಗ ನಡುಗ್ತಾ ಉಂಟು. ಕಾಫಿ ಲೋಟ ಬಲಗೈಗೆ ಬಂತು. ನಿನ್ನೆ ನನಗೆ ಗ್ಯಾಸ್ ಸಿಲಿಂಡರ್ ಬದಲಿಸ್ಲಿಕ್ಕೆ ಕಲಿಸಿದ್ರು, ಇವತ್ತು ಫ್ಯೂಸ್ ಹಾಕ್ಲಿಕ್ಕೆ. ‘ನಿನಗೆ ಮುಂದಕ್ಕೆ ಬೇಕಾಗ್ತದೆ’ ಅಂತ ಹೇಳ್ತಾರೆ. ನಾನು ಸ್ಕೂಟರಿನ ಕೀ ತೆಗೆದಿಟ್ಟಿದ್ದೇನೆ. ನರದ ಡಾಕ್ಟ್ರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಬರುವ ತಿಂಗಳಿಗೆ. ಅಲ್ಲಿವರೆಗೆ ನಾನು ಇವರನ್ನು ಹೇಗೆ ನೋಡಿಕೊಳ್ಳುವುದು?”

ನಮ್ಮ ಸರದಿ ಅಲ್ಲದಿದ್ದರೂ ಈ ಶನಿವಾರವೇ ಬಂದು ಮತ್ತೊಮ್ಮೆ ಪರೀಕ್ಷೆ ಮಾಡುತ್ತೇನೆ ಎಂದೆ. ಬಸ್ಸು ಬಂದು ಹೋಯಿತು. ಸ್ಕೂಟರೆಂದರೆ ಆ ಮನೆಯಲ್ಲಿ ಏನೆಂದು ಶೈನಿಗೆ ಗೊತ್ತಿತ್ತು. ಶಾರದಕ್ಕನಿಗೆ ಬಸ್ಸು ಹತ್ತಿದರೆ ವಾಂತಿ, ಆಟೋದಲ್ಲಿ ಬೆನ್ನು ನೋವು. ಎಲ್ಲಿಗೆ ಹೋಗುವುದಿದ್ದರೂ ರಾಯರ ಹಿಂದೆ ಕೂತೇ ಹೋಗುವುದು. ಕೀ ತೆಗೆದಿಟ್ಟ ಮೇಲೆ ಇಬ್ಬರೂ ಮನೆಯೊಳಗೇ. “ಮೇಡಂ, ಒಂದೇ ಸಾಲಿಗೆ ಎರಡು ಜನ ಮಲಗಿದರು,” ಎಂದಳು ಶೈನಿ. ಆ ವಾರ ಕಡ್ಡಿ ರಾಯರನ್ನು ಇಪ್ಪತ್ತು ಸಲವಾದರೂ ನಡೆಸಿ ನೋಡಿದೆ. ಇಪ್ಪತ್ತು ಸಲವೂ ಎಡಗೈ ಬೀಸಲಿಲ್ಲ. ವಿಡಿಯೋ ಇದ್ದಿದ್ದರೆ ನೋಡಬಹುದಿತ್ತು; ಅದನ್ನು ನಾನೇ ಗೌರವಪೂರ್ವಕವಾಗಿ ಅಳಿಸಿದ್ದೆ.

ಶನಿವಾರ ರೈಲು ತಡವಾಯಿತು. ತಂಪಾನೂರಿನಲ್ಲಿ ಇಳಿದು, ಚೀಲ ಹೊತ್ತುಕೊಂಡು ನಾನೂ ಶೈನಿಯೂ ರಸ್ತೆ ದಾಟಲು ನಿಂತಿದ್ದೆವು. ಎದುರಿನ ಬದಿಯಲ್ಲಿ ಒಂದು ಸೊಗಸಾದ ನಡಿಗೆ ಹೋಗುತ್ತಿತ್ತು. ವೃತ್ತಿಯವರಿಗೆ ಮೊದಲು ನಡಿಗೆ ಕಾಣುತ್ತದೆ, ಆಮೇಲೆ ಮನುಷ್ಯ. ಮುಂಡು ಮಡಚಿ ಮೊಣಕಾಲಿನ ಮೇಲೆ ಕಟ್ಟಿದೆ. ಬಲ ಮೊಣಕಾಲು ತುಸು ಬಿಗಿ, ಆದರೆ ದಾಪುಗಾಲು. ಎರಡು ಕೈಗಳೂ ಗಡಿಯಾರದ ಲೋಲಕದಂತೆ ಸರಿಸಮನಾಗಿ ಬೀಸುತ್ತಿವೆ. ಒಂದು ಹೊಂಡವನ್ನು ಲೀಲಾಜಾಲವಾಗಿ ದಾಟಿ, ಅಡ್ಡ ಬಂದ ಆಟೋದವನಿಗೆ ಅದೇ ಎಡಗೈ ಎತ್ತಿ ನಾಲ್ಕು ಮಾತು ಹೇಳಿದ್ದೂ ಆಯಿತು. ಹಿಂದಿನಿಂದ, ಸ್ಕೂಟರಿಲ್ಲದೆ ನಡೆದೇ ಹೊರಟ ಶಾರದಕ್ಕ ಏದುಸಿರು ಬಿಡುತ್ತ ಬರುತ್ತಿದ್ದರು. ಆಗಲೇ ನನಗೆ ತಿಳಿದದ್ದು, ಇದು ರಾಯರು.

ರಾಯರೂ ನನ್ನನ್ನು ಕಂಡರು. ಕಂಡ ಕ್ಷಣ ಅವರ ಎರಡೂ ಕೈಗಳು ತಾವಾಗಿಯೇ ಸೊಂಟಕ್ಕೆ ಹೋದವು. ಮಡಚಿದ ಮುಂಡು ಬಿಚ್ಚಿ ಪಾದದವರೆಗೆ ಇಳಿಯಿತು. ಇಲ್ಲಿ ಗೌರವ ಕೊಡಬೇಕಾದವರ ಎದುರು ಗಂಡಸರು ಮಾಡುವುದೇ ಹಾಗೆ. ಮುಂಡು ಮೇಲೆ ಕಟ್ಟಿಕೊಂಡು ಎದುರು ನಿಂತರೆ ಅದು ಅಗೌರವ. ಇಳಿದ ಮುಂಡು ಕಾಲಿಗೆ ತೊಡರಬಾರದೆಂದು ಎಡಗೈ ಅದರ ಅಂಚನ್ನು ಹಿಡಿದುಕೊಂಡಿತು. ಹಿಡಿದುಕೊಂಡೇ ರಾಯರು ಗಿಡ್ಡ ಗಿಡ್ಡ ಹೆಜ್ಜೆ ಇಡುತ್ತ ನನ್ನ ಕಡೆಗೆ ಬರತೊಡಗಿದರು. ಕಡ್ಡಿ ರಾಯರು, ಸಾಕ್ಷಾತ್.

ಮೊದಲ ಪರೀಕ್ಷೆಯ ದಿನ ಶೈನಿ ಮುಂಡು ಕಟ್ಟಿಸಿ ಹೊರಗೆ ಹೋಗಿದ್ದಳು. ನಾನು ಒಳಗೆ ಬಂದದ್ದನ್ನು ನೋಡಿ ರಾಯರು ಅದನ್ನು ಬಿಚ್ಚಿದ್ದರು. ಕಾಣದ ಮೊಣಕಾಲನ್ನು ಯಂತ್ರ ಊಹಿಸಿ ಚುಕ್ಕೆ ಇಟ್ಟಿತ್ತು. ಇಷ್ಟನ್ನೂ ನೋಡಬೇಕಾದವಳು ಐದು ಅಡಿ ದೂರದಲ್ಲೇ ಇದ್ದಳು, ಪರದೆ ನೋಡುತ್ತ.

ನಾನು ಜೀವಮಾನದಲ್ಲಿ ರಸ್ತೆಯಲ್ಲಿ ಕೂಗಿದವಳಲ್ಲ. ಅಂದು ಮಾತ್ರ ಏನಾಯಿತೋ, ಬಸ್ಸುಗಳ ಹಾರ್ನನ್ನೂ ಮೀರಿಸಿ ಕೂಗಿದೆ.

“ರಾಯರೇ, ಮುಂಡು ಮೇಲೆ ಕಟ್ಟಿ!”

ರಾಯರು ಅಲ್ಲೇ ನಿಂತುಬಿಟ್ಟರು. ಶಾರದಕ್ಕ ಗಂಡನನ್ನು ನೋಡಿ, ನನ್ನನ್ನು ನೋಡಿ, “ಎಂತ ಹೇಳಿದ್ರು ಇವರು?” ಎಂದು ಯಾರನ್ನೋ ಕೇಳಿದರು. ಕನ್ನಡ ಬಾರದ ಶೈನಿಗೂ ಮುಂಡು ಎಂಬುದು ಅರ್ಥವಾಗಿ, ಅವಳು ಕ್ಯಾಮೆರಾದ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದಳು.

ಕೋಣೆಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ವಿವರಿಸುವುದರಲ್ಲಿ ನಾನು ಗಟ್ಟಿ. ಕ್ಯಾಮೆರಾದ ಕೋನ, ಬಟ್ಟೆಯ ಅಡ್ಡಿ, ಊಹೆಯ ಮಿತಿ ಎಂದೆಲ್ಲ ಹೇಳುತ್ತಿರುವಾಗ ಶಾರದಕ್ಕ ಕೈ ಎತ್ತಿದರು. “ಅಷ್ಟೆಲ್ಲ ಬೇಡ. ತಪ್ಪಾಯ್ತು ಅಂತ ಹೇಳಿ, ಸಾಕು.” ತಪ್ಪಾಯ್ತು ಎಂದೆ. ಅದು ಅಷ್ಟು ಚಿಕ್ಕ ಮಾತು ಎಂದು ಗೊತ್ತಿರಲಿಲ್ಲ.

ಮರುಪರೀಕ್ಷೆಗೆ ಹೊಸ ತೊಡಕು. ನನ್ನೆದುರು ಮುಂಡು ಮೇಲೆ ಕಟ್ಟಲು ರಾಯರು ಸುತರಾಂ ಒಪ್ಪಲಿಲ್ಲ. “ಮಗಳ ಪ್ರಾಯದವಳಾದ್ರೂ ಡಾಕ್ಟ್ರಲ್ವಾ, ಅದು ಹೇಗಾಗ್ತದೆ?” ಕೊನೆಗೆ ನಾನು ಮೆಟ್ಟಿಲ ಮೇಲೆ ಹೋಗಿ, ಹಲ್ಲು ಕೀಳಿಸಿಕೊಳ್ಳಲು ಬಂದವರ ನಡುವೆ ನಿಂತೆ. ಒಳಗೆ ಶೈನಿ ನಡೆಸಿದಳು. ಕರೆದಾಗ ಹೋಗಿ ನೋಡಿದರೆ, ಮೊಣಕಾಲೊಂದನ್ನು ಬಿಟ್ಟು ಎಲ್ಲ ಹಸಿರು.

“ಮೊನ್ನೆ ಕೆಂಪು, ಇವತ್ತು ಹಸಿರು. ಇದೆಂತ, ಜಂಕ್ಷನಿನ ಸಿಗ್ನಲ್ಲಾ?” ಎಂದರು ಶಾರದಕ್ಕ. “ಎಂತ ಕಾಯಿಲೆಯೂ ಇಲ್ಲದವರು ನಡೆದ್ರೆ ಇದು ಎಂತ ಹೇಳ್ತದೆ ಅಂತ ನಾನೂ ನೋಡ್ಬೇಕು. ನೀವು ನಡೀರಿ. ನಿಮಗೆ ಸರಿ ತೋರಿಸಿದ್ರೆ ಕೀ ಕೊಡ್ತೇನೆ.”

ಸ್ಕೂಟರಿನ ಕೀ ಈಗ ನನ್ನ ಕಾಲಿನಲ್ಲಿತ್ತು. ಚಾಪೆಯ ತುದಿಯಲ್ಲಿ ನಿಂತೆ. ರಾಯರು, ಶಾರದಕ್ಕ, ಶೈನಿ ಮೂವರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ನಡೆದೆ. ನಾನು ಚೆನ್ನಾಗಿಯೇ ನಡೆದೆನೆಂದು ನನ್ನ ಭಾವನೆ. ಪರದೆಯ ಮೇಲೆ ಕಡ್ಡಿ ಹುಡುಗಿಯೊಬ್ಬಳು ಎರಡೂ ಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು, ಶಾಲೆಯ ಅಸೆಂಬ್ಲಿಗೆ ಹೋಗುವವಳಂತೆ ಸಾಗಿದಳು. ಎರಡು ಕೈಯೂ ಕೆಂಪು.

ರಾಯರು ಬಹಳ ಮರುಕದಿಂದ ಹೇಳಿದರು: “ಹೆದರ್ಬೇಡ ಮಗಾ. ನನ್ನ ಅಪಾಯಿಂಟ್‌ಮೆಂಟ್ ಉಂಟಲ್ಲ, ಒಟ್ಟಿಗೆ ಹೋಗುವ.”

ಲ್ಯಾಪ್‌ಟಾಪ್ ಮುಚ್ಚಿದೆ. ಕುರ್ಚಿ ಎಳೆದುಕೊಂಡು ರಾಯರ ಎದುರು ಕುಳಿತೆ. ಅವರ ಎಡಗೈಯನ್ನು ಹಿಡಿದು ಮಣಿಕಟ್ಟು, ಮೊಣಕೈಗಳನ್ನು ಬಗ್ಗಿಸಿ, ತಿರುಗಿಸಿ, ಬಿಗಿತ ಇದೆಯೇ ಎಂದು ನೋಡಿದೆ. ಬೆರಳನ್ನು ಹೆಬ್ಬೆರಳಿಗೆ ಬೇಗ ಬೇಗ ತಾಗಿಸಲು ಹೇಳಿದೆ. ಒಂದು ಸಾಲು ಬರೆಸಿದೆ. ಅವರು ಬರೆಯುತ್ತ, ಶಾರದಕ್ಕನಿಗೆ ಫ್ಯೂಸ್ ಕಲಿಸಿದ್ದನ್ನು ಹೇಳುತ್ತಿದ್ದಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಎಡಗೈ ನಡುಗುವುದನ್ನೇ ಮರೆತಿತ್ತು. ಆಮೇಲೆ ಶಾರದಕ್ಕನ ಕಡೆ ತಿರುಗಿ, ನಾಲ್ಕು ಸಲ ತಿದ್ದದೆಯೇ ಹೇಳಿದೆ: “ಈ ಕೈಯಲ್ಲಿ ನನಗೆ ಏನೂ ತೊಂದರೆ ಕಾಣುವುದಿಲ್ಲ. ಬೆಳಿಗ್ಗೆ ರಸ್ತೆಯಲ್ಲಿ ನಾನೇ ಕಣ್ಣಾರೆ ನೋಡಿದೆ. ನಿಮ್ಮವರು ಚೆನ್ನಾಗಿ ನಡೆಯುತ್ತಾರೆ. ಮೊಣಕಾಲಿನ ವ್ಯಾಯಾಮ ಮಾಡಿದರೆ ಸಾಕು.”

ಶಾರದಕ್ಕ ಕುತ್ತಿಗೆಯ ಸರದಲ್ಲಿ ಪೋಣಿಸಿಕೊಂಡಿದ್ದ ಕೀ ತೆಗೆದು ಗಂಡನ ಕೈಗಿಟ್ಟರು. ಎಡಗೈಗೇ ಇಟ್ಟರು. ಚಪ್ಪಲಿ ಹಾಕಿಕೊಂಡು, ಬಾಗಿಲಿನಲ್ಲಿ ನಿಂತು, ಮೊದಲ ಬಾರಿಗೆ ನನ್ನನ್ನು ಏಕವಚನದಲ್ಲಿ ಕರೆದರು.

“ಅಲ್ಲ ಮಗಾ, ಇಷ್ಟು ನೋಡ್ಲಿಕ್ಕೆ ಬರ್ತದಲ್ಲ ನಿನಗೆ. ಮೊದಲ ದಿನವೇ ನೋಡ್ಲಿಕ್ಕೆ ಎಂತ ಆಗಿತ್ತು?”

ಉತ್ತರಕ್ಕಾಗಿ ನಾನು ಅಭ್ಯಾಸಬಲದಿಂದ ಲ್ಯಾಪ್‌ಟಾಪಿನ ಕಡೆ ನೋಡಿದೆ. ಅದು ಮುಚ್ಚಿತ್ತು.